ಇಪ್ಪತ್ತು ನಿಮಿಷದ ಸುಳ್ಳು

“ಬೈಪಾಸ್‌ನಲ್ಲಿ ಟ್ರಾಫಿಕ್ ಜಾಸ್ತಿ ಇದೆ ಡಾಕ್ಟ್ರೇ. ಕೆರೆ ದಾರೀಲಿ ಹೋಗೋಣ್ವಾ?”

ಟ್ಯಾಕ್ಸಿಯವನು ಹೇಳಿದ್ದು ಹಸಿ ಸುಳ್ಳು. ಹಳೇ ಏರ್‌ಪೋರ್ಟಿನಿಂದ ಹೊಸ ಏರ್‌ಪೋರ್ಟಿಗೆ ಬೈಪಾಸ್‌ನಲ್ಲಿ ನಲವತ್ತೆರಡು ಕಿಲೋಮೀಟರ್, ಐವತ್ತು ನಿಮಿಷ. ಕೆರೆಯ ದಾರಿಗೆ ಇನ್ನೂ ಇಪ್ಪತ್ತು ನಿಮಿಷ. ಹಲ್ಲಿನ ಡಾಕ್ಟರಾದ ಅವಳು ಪ್ರತಿ ಶುಕ್ರವಾರ ಒಂದು ವಿಮಾನ ಇಳಿದು, ಅಪ್ಪನ ಊರಿಗೆ ಇನ್ನೊಂದು ಹಿಡಿಯಲು ಅವನ ಕಾರಿನಲ್ಲೇ ಹೋಗುತ್ತಿದ್ದಳು. ಆ ಇಪ್ಪತ್ತು ನಿಮಿಷಕ್ಕಾಗಿ ಅವನು ವಾರವಿಡೀ ಕಾಯುತ್ತಿದ್ದ.

“ಹಾಗೆ ನಗಬೇಡಿ. ಎಡಗಡೆ ದವಡೆ ಹಲ್ಲು ಹುಳುಕು.”

ಅವನು ತಟ್ಟನೆ ಬಾಯಿ ಮುಚ್ಚಿದ.

“ಕಣ್ಣಲ್ಲೂ ನಗಬೇಡಿ. ದಾರಿ ನೋಡಿ!” ಕನ್ನಡಿಯಲ್ಲಿ ಅವಳ ತುಟಿಯಂಚು ತುಂಟತನದಿಂದ ಕೊಂಕಿತು.

ಅಂದು ಕೆರೆ ದಾಟಿದೊಡನೆ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ರೈಲು ಕದಲದೆ ನಿಂತಿತ್ತು. ಅವಳು ಗಡಿಯಾರ ನೋಡಿಕೊಂಡಳು.

“ಅಪ್ಪನಿಗೆ ಮಧ್ಯಾಹ್ನ ಗಂಟಲಿನ ಆಪರೇಷನ್. ಆಮೇಲೆ ಧ್ವನಿ ಇರಲ್ಲ. ಅಷ್ಟರೊಳಗೆ ಎದುರು ಕೂತು ಮಾತಾಡ್ಬೇಕಿತ್ತು.”

ಅವನು ಕಾರು ತಿರುಗಿಸಲು ನೋಡಿದ. ಹಿಂದೆ ವಾಹನಗಳ ಸಾಲು, ಸರಿಯುವಂತಿರಲಿಲ್ಲ.

ವಿಮಾನ ತಪ್ಪಿತು. ಮುಂದಿನದು ಸಂಜೆಗೆ. ಫೋನಿನಲ್ಲಿ ಅಪ್ಪನ ಮಾತು ಎರಡು ನಿಮಿಷ ಮಾತ್ರ ಸಿಕ್ಕಿತು. ಕಣ್ಣೊರೆಸಿಕೊಂಡು ಅವಳೇ ಅವನನ್ನು ಸಮಾಧಾನ ಮಾಡಿದಳು: “ನಿಮ್ಮದೇನು ತಪ್ಪು, ಬಿಡಿ.”

ಬೈದಿದ್ದರೆ ವಾಸಿಯಿತ್ತು.

ಮುಂದಿನ ಶುಕ್ರವಾರ ಅವನು ಮಾತಿಲ್ಲದೆ ಬೈಪಾಸ್ ಹಿಡಿದ. ಐವತ್ತು ನಿಮಿಷಕ್ಕೆ ಸರಿಯಾಗಿ ತಲುಪಿಸಿ, ಎಂಜಿನ್ ಆರಿಸಿದ.

“ಟ್ರಾಫಿಕ್ ಯಾವತ್ತೂ ಇರಲಿಲ್ಲ ಡಾಕ್ಟ್ರೇ. ನಿಮ್ಮ ಜೊತೆ ಇನ್ನಷ್ಟು ಹೊತ್ತು ಇರೋ ಆಸೆಗೆ ಸುಳ್ಳು ಹೇಳ್ದೆ. ನಿಮ್ಮಪ್ಪನ ಮಾತು ನಿಮಗೆ ದಕ್ಕದ ಹಾಗೆ ಮಾಡಿದ್ದು ನಾನೇ.”

ಅವಳು ಚೀಲದಿಂದ ಫೋನು ತೆಗೆದಳು.

“ಮ್ಯಾಪ್ ನನ್ನ ಫೋನಲ್ಲೂ ಇದೆ,” ಎಂದಳು. “ಮೊದಲನೇ ವಾರಾನೇ ಗೊತ್ತಾಗಿತ್ತು. ಆವತ್ತಾದ್ರೂ ಬೇಡ ಅನ್ಬೇಕಿತ್ತು. ಅಪ್ಪನ ಆಪರೇಷನ್ ದಿನಾನೂ ಬಾಯಿ ಬಿಡ್ಲಿಲ್ಲ. ನನಗೂ ನಿಮ್ಮ ಜೊತೆ ಆ ಇಪ್ಪತ್ತು ನಿಮಿಷ ಬೇಕಿತ್ತು. ಈಗ ಆ ತಪ್ಪಿಗೆ ಆಸ್ಪತ್ರೇಲಿ ಅಪ್ಪನ ಮುಖ ನೋಡೋಕಾಗ್ತಿಲ್ಲ.”

ಹಿಗ್ಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ. ಕನ್ನಡಿಯನ್ನು ಬಿಟ್ಟು ಮೊದಲ ಬಾರಿಗೆ ಹಿಂತಿರುಗಿ ಅವಳನ್ನು ನೋಡಿದ.

“ಇಬ್ರೂ ಸೇರಿ ಮಾಡಿದ ತಪ್ಪು. ಅಪ್ಪನಿಗೆ ಒಬ್ಳೇ ಹೇಳೋಕೆ ಧೈರ್ಯ ಇಲ್ಲ,” ಎಂದಳು. “ನನ್ನ ಜೊತೆ ವಿಮಾನ ಹತ್ತಿ ಬರ್ತೀರಾ?”

“ಬೈತಾರಾ?”

“ಬೈಯೋಕೆ ಧ್ವನಿ ಎಲ್ಲಿದೆ? ಪೆನ್ನು ತಗೊಂಡು ಪುಟಗಟ್ಟಲೆ ಬರೀತಾರೆ. ಅಷ್ಟನ್ನೂ ಕೂತು ಓದ್ಬೇಕು.”

“ಓದ್ತೀನಿ,” ಎಂದು ಅವನು ಕಾರನ್ನು ಪಾರ್ಕಿಂಗ್ ಕಡೆ ತಿರುಗಿಸಿದ.