ದುನ್ಯಾಳ ಕಾಲ್ಗುಣ

“ನಿಲ್ಲು ಅಲ್ಲೇ! ಹೊಸ್ತಿಲು ದಾಟಿದ್ರೆ ನೋಡು ಮತ್ತೆ!”

ದುನ್ಯಾ ಎತ್ತಿದ ಕಾಲನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತಳು. ಅಜ್ಜಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಕೈಯಲ್ಲಿ ಹಿಟ್ಟು ಮೆತ್ತಿದ ಲಟ್ಟಣಿಗೆ ಇತ್ತು.

“ಅಜ್ಜಿ, ಚಳಿ!”

“ಹೊರಗೆ ಹಾರುವಾಗ ಚಳಿ ಇರ್ಲಿಲ್ವಾ?”

ಇರಲಿಲ್ಲ. ನಿಜವಾಗಿಯೂ ಇರಲಿಲ್ಲ. ಬೆಳಿಗ್ಗೆ ಎದ್ದು ಕಿಟಕಿಯಲ್ಲಿ ನೋಡಿದರೆ ಅಂಗಳವೇ ಕಾಣೆಯಾಗಿತ್ತು. ಬೇಲಿ ಕಾಣೆ, ಮೆಟ್ಟಿಲು ಕಾಣೆ. ರಾತ್ರಿಯೆಲ್ಲ ಹಿಮ ಬಿದ್ದು ಎಲ್ಲವನ್ನೂ ನುಂಗಿಬಿಟ್ಟಿತ್ತು. ದುನ್ಯಾ ಪೈಜಾಮದ ಮೇಲೆ ಅಪ್ಪನ ಹಳೇ ಕೋಟು ಹಾಕಿಕೊಂಡು, ಬೂಟಿಗೆ ಕಾಲು ತೂರಿಸಿ, ಬಾಗಿಲು ತೆಗೆದು ಹಾರಿಯೇಬಿಟ್ಟಿದ್ದಳು. ಸೊಂಟದವರೆಗೆ ಹೂತುಹೋದಳು. ಬಾಯಲ್ಲಿ ಹಿಮ, ಕಿವಿಯಲ್ಲಿ ಹಿಮ. ಅವಳ ಹಳೇ ಊರು ಬಯಲು ಸೀಮೆಯದು. ಅಲ್ಲಿ ಬೆಳಿಗ್ಗೆ ಹಿಮ ಬಿದ್ದರೆ ಮಧ್ಯಾಹ್ನಕ್ಕೆಲ್ಲ ಕೆಸರು. ಈ ಬೆಟ್ಟದ ಊರಿಗೆ ಬಂದು ಎರಡೇ ತಿಂಗಳಾಗಿತ್ತು. ಇಷ್ಟು ಹಿಮವನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಇವತ್ತು ಕ್ರಿಸ್ಮಸ್ ಅನ್ನುವುದನ್ನು ಅವಳು ಮರೆತಿರಲಿಲ್ಲ. ಮರೆತದ್ದು ಬೇರೆ. ಕ್ರಿಸ್ಮಸ್ ಬೆಳಿಗ್ಗೆ ಮೊದಲ ಅತಿಥಿ ಬರುವ ತನಕ ಮನೆಯವರು ಯಾರೂ ಹೊಸ್ತಿಲು ದಾಟಬಾರದು. ಆ ದಿನ ಯಾರು ಮೊದಲು ಒಳಗೆ ಕಾಲಿಡುತ್ತಾರೋ, ಅವರ ಕಾಲ್ಗುಣದ ಹಾಗೇ ಮನೆಯ ಇಡೀ ವರ್ಷ.

ಈ ಸಲದ ಅತಿಥಿಯನ್ನು ಅಪ್ಪ ಗೊತ್ತು ಮಾಡಿದ್ದ. ಅವನ ಜೊತೆ ರಸ್ತೆಯ ಹಿಮ ತೆಗೆಯುವ ಗಾಡಿಯಲ್ಲಿ ಕೆಲಸ ಮಾಡುವ ಡ್ರಾಗಿಶಾ ಮಾಮ. ಆದರೆ ಹಿಮ ಹೆಚ್ಚಾಗಿ, ಕತ್ತಲಿರುವಾಗಲೇ ಇಬ್ಬರನ್ನೂ ಕೆಲಸಕ್ಕೆ ಕರೆಸಿಕೊಂಡಿದ್ದರು. ಇನ್ನು ಅವರು ಬರುವುದು ಮಧ್ಯಾಹ್ನವೇ.

ಕಿಟಕಿಯಲ್ಲಿ ಪುಟ್ಟ ತಮ್ಮ ರೆಲ್ಯಾನ ಮೂಗು ಕಾಣಿಸಿತು. “ದುನ್ಯಾ ಹೊರಗೇ ಇರ್ತಾಳಾ? ಹಾಗಿದ್ರೆ ಅವಳ ರೋಸ್ಟ್ ನಂಗೆ!”

ಅಮ್ಮ ಅವನನ್ನು ಪಕ್ಕಕ್ಕೆ ತಳ್ಳಿ ಕಿಟಕಿ ತೆಗೆದಳು. “ಅತ್ತೆ, ಹುಡುಗಿ ನಡುಗ್ತಿದ್ದಾಳೆ. ಕಿಟಕಿಯಿಂದಾದ್ರೂ ಒಳಗೆ ಎಳ್ಕೊಳ್ಳಲಾ?”

“ಕಿಟಕಿಯಿಂದ ಬರೋರು ಕಳ್ಳರು. ವರ್ಷವಿಡೀ ಕಳ್ಳರು ಬರ್ಲಾ?”

“ಇದು ಹೊಸ ಮನೆ ಅತ್ತೆ. ಹಳೇದೆಲ್ಲ ಬಿಡಿ.”

“ಹೊಸ ಮನೆ ಅಂತಾನೇ ಹೇಳ್ತಿರೋದು! ಮೊದಲನೇ ವರ್ಷ ಇದು. ಇವಳು ಹಿಂದೆ ಹೀಗೇ ನುಗ್ಗಿದಾಗ ಏನಾಯ್ತು, ಮರೆತುಹೋಯ್ತಾ?”

“ಅತ್ತೆ!” ಅಂದಳು ಅಮ್ಮ, ಜೋರಾಗಿ.

ಅಮ್ಮ ಕಿಟಕಿಯಿಂದ ದಪ್ಪ ಪ್ಯಾಂಟು, ಟೋಪಿ, ಕೈಗವಸು ಎಸೆದಳು. ದುನ್ಯಾ ಕೋಟಿನ ಮರೆಯಲ್ಲಿ ಒಂಟಿ ಕಾಲಲ್ಲಿ ಕುಣಿಯುತ್ತ ಪ್ಯಾಂಟು ಏರಿಸಿಕೊಂಡಳು.

“ಹೋಗು,” ಅಂದಳು ಅಜ್ಜಿ, ಸ್ವಲ್ಪ ಮೆತ್ತಗಾಗಿ. “ಬೀದೀಲಿ ಯಾರಾದ್ರೂ ಒಳ್ಳೆಯವರು ಸಿಕ್ಕಿದ್ರೆ ಕರ್ಕೊಂಡು ಬಾ. ರೊಟ್ಟಿ ಬೆಂದಿದೆ. ಅತಿಥಿಗೆ ಹೊದಿಸೋಕೆ ದಪ್ಪ ಕಂಬಳಿ ತೆಗೆದಿಟ್ಟಿದ್ದೀನಿ. ಬರೋರೇ ಇಲ್ಲ.”

ಹಿಂದೆ ಏನಾಗಿತ್ತು ಅನ್ನುವುದನ್ನು ದುನ್ಯಾ ಮರೆತಿರಲಿಲ್ಲ. ಆಗ ಅವಳಿಗೆ ಐದು ವರ್ಷ. ಕ್ರಿಸ್ಮಸ್ ಬೆಳಿಗ್ಗೆ ಬೆಕ್ಕಿನ ಹಿಂದೆ ಹೊರಗೆ ಓಡಿ, ಬೆಕ್ಕಿನ ಹಿಂದೆಯೇ ಒಳಗೆ ಓಡಿ ಬಂದಿದ್ದಳು. ಅತಿಥಿ ಇನ್ನೂ ಗೇಟಿನ ಹತ್ತಿರ ಇದ್ದರು. ಆ ವರ್ಷವೇ ಅಪ್ಪ ಕೆಲಸ ಮಾಡುತ್ತಿದ್ದ ಸಕ್ಕರೆ ಫ್ಯಾಕ್ಟರಿ ಮುಚ್ಚಿತು. ಅಪ್ಪ ದಿನವಿಡೀ ಅಡುಗೆಮನೆಯಲ್ಲಿ ಸುಮ್ಮನೆ ಕೂತಿರುತ್ತಿದ್ದ. ಒಂದು ಸಂಜೆ ಅಜ್ಜಿ ಫೋನಿನಲ್ಲಿ ದುನ್ಯಾಳ ಸೋದರತ್ತೆಗೆ ಹೇಳಿದ್ದಳು: “ಇನ್ನೇನಾಗುತ್ತೆ? ಮೊದಲು ಒಳಗೆ ಬಂದವಳು ಇವಳೇ ತಾನೆ?” ದುನ್ಯಾ ಆಗ ಮೇಜಿನ ಕೆಳಗೆ ಗೊಂಬೆ ಇಟ್ಟುಕೊಂಡು ಆಡುತ್ತಿದ್ದಳು. ಅಂದಿನಿಂದ ಪ್ರತಿ ಕ್ರಿಸ್ಮಸ್ಸಿಗೂ ಅತಿಥಿ ಬಂದು, ತಿಂದು, ಹೋಗುವ ತನಕ ಅವಳು ಬಾಗಿಲ ಹತ್ತಿರವೂ ಸುಳಿಯುತ್ತಿರಲಿಲ್ಲ.

ಇವತ್ತು ಹಿಮ ಅದನ್ನೆಲ್ಲ ಮರೆಸಿಬಿಟ್ಟಿತ್ತು.

ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಂದೇ ಒಂದು ಹೆಜ್ಜೆಯ ಗುರುತೂ ಇಲ್ಲ. ಸ್ವಲ್ಪ ದೂರ ದುನ್ಯಾ ಮುಖ ಊದಿಸಿಕೊಂಡೇ ಏರು ಹತ್ತಿದಳು. ಆದರೆ ಇಷ್ಟು ಹಿಮದಲ್ಲಿ ಎಷ್ಟು ಹೊತ್ತು ಮುಖ ಊದಿಸಿಕೊಂಡಿರಲು ಆಗುತ್ತದೆ? ಒಂದು ಕಾರಿನ ಮೇಲೆ ದಿಂಬಿನ ಹಾಗೆ ಹಿಮ ಕೂತಿತ್ತು. ಅದನ್ನು ತಲೆಯಿಂದ ಗುದ್ದಿದಳು. ಇಳಿಜಾರಿನಲ್ಲಿ ಬೆನ್ನ ಮೇಲೆ ಜಾರಿದಳು. ಮತ್ತೆ ಹತ್ತಿ ಹೊಟ್ಟೆಯ ಮೇಲೆ ಜಾರಿದಳು. ಒಂದು ಬೂಟು ಎಲ್ಲೋ ಹೂತುಹೋಯಿತು. ಅಗೆದು ತೆಗೆದು, ಅದರೊಳಗಿನ ಹಿಮ ಸುರಿದು, ಒಬ್ಬಳೇ ನಕ್ಕಳು.

ಟಕ್ ಟಕ್ ಟಕ್. ಯಾರೋ ಕಿಟಕಿ ಬಡಿದರು.

ಗಣಿತದ ಟೀಚರ್ ಯೆಲಿಸಾವೆತಾ! ತಲೆ ತುಂಬ ಕೂದಲು ಗುಂಗುರು ಮಾಡುವ ಕ್ಲಿಪ್ಪು. ಕಿಟಕಿ ತೆಗೆದು ಕೈ ಬೀಸಿ ಕರೆದರು. “ಏ ದುನ್ಯಾ! ಬಾ ಇಲ್ಲಿ!”

ರಜೆಯಲ್ಲೂ ಟೀಚರ್ ಕರೆದರೆ ಅದಕ್ಕೆ ಒಂದೇ ಕಾರಣ ಇರಲು ಸಾಧ್ಯ: ಹೋಮ್‌ವರ್ಕ್. ದುನ್ಯಾ ಕೇಳಿಸದವಳ ಹಾಗೆ ಓಡಿದಳು. ಹಿಮದಲ್ಲಿ ಓಡುವುದು ಅಂದರೆ ಬಿದ್ದು ಏಳುವುದು.

“ಬಯಲಿನ ಬಾತುಕೋಳಿ!”

ಸ್ವಲ್ಪ ಮೇಲಿನ ಮನೆಯೊಂದರ ಮಹಡಿ ಕಿಟಕಿಯಲ್ಲಿ ಉರೋಷ್ ಅರ್ಧ ಹೊರಗೆ ನೇತಾಡುತ್ತಿದ್ದ. ಅವಳದೇ ಕ್ಲಾಸಿನವನು. ಮೊನ್ನೆ ಅವಳ ನಡಿಗೆ ನೋಡಿ ಈ ಹೆಸರಿಟ್ಟವನೂ ಅವನೇ.

“ಒಬ್ಬಳೇ ಎಲ್ಲಾ ಹಿಮ ಹಾಳು ಮಾಡ್ತಿದ್ದೀಯಲ್ಲೇ!”

“ನೀನೂ ಬಾರೋ ಸಿಂಬಳ್ಮೂಗ! ಯಾರು ಬೇಡ ಅಂದ್ರು?”

“ಹೇಗೆ ಬರ್ಲಿ? ನಮ್ಮ ಅತಿಥಿ ಬಂದೇ ಇಲ್ಲ. ಮೇಲಿನ ಹಳ್ಳಿಯಿಂದ ಮಾಮ ಬರ್ಬೇಕಿತ್ತು, ದಾರಿ ಮುಚ್ಚಿಹೋಗಿದೆ. ತಾತ ಬಾಗಿಲಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ದಾರೆ.”

ದುನ್ಯಾ ಸುತ್ತ ನೋಡಿದಳು. ಆಗಲೇ ಅವಳಿಗೆ ಗೊತ್ತಾದದ್ದು. ಎಲ್ಲ ಕಿಟಕಿಗಳಲ್ಲೂ ಮುಖಗಳಿದ್ದವು. ಎಲ್ಲರ ಅತಿಥಿಗಳೂ ಎಲ್ಲೋ ಹಿಮದಲ್ಲಿ ಸಿಕ್ಕಿಬಿದ್ದಿದ್ದರು. ಅತಿಥಿ ಬರುವ ತನಕ ಇವರು ಹೊರಗೆ ಬರುವ ಹಾಗಿಲ್ಲ. ಇವರು ಹೊರಗೆ ಬರದೆ ಇನ್ನೊಬ್ಬರ ಮನೆಗೆ ಅತಿಥಿಯಾಗುವ ಹಾಗೂ ಇಲ್ಲ. ಇಡೀ ಬೀದಿ ಒಳಗೆ ಕೂತು, ಯಾರಾದರೂ ಬರುತ್ತಾರಾ ಅಂತ ಬೀದಿಯನ್ನೇ ನೋಡುತ್ತಿತ್ತು.

“ಲೇ, ನೀನೇ ಬಾ!” ಉರೋಷ್ ಕಿರುಚಿದ. “ನೀನು ಹೊರಗಿದ್ದೀಯ ತಾನೆ? ನೀನು ಬಂದ್ರೆ ನಾನು ಹೊರಗೆ ಬರ್ಬಹುದು! ಜಾರೋಕೆ ಹೊಸ ಸ್ಲೆಡ್ ಗಾಡಿ ಇದೆ ನನ್ಹತ್ರ!”

“ಬಂದ್ರೆ ನೀನು ನಮ್ಮನೆಗೆ ಮೊದಲ ಅತಿಥಿಯಾಗಿ ಬರ್ತೀಯಾ?”

“ತಿನ್ನೋಕೆ ಏನು ಮಾಡಿದ್ದೀರಿ?”

“ರೋಸ್ಟ್. ವಾಲ್‌ನಟ್ ಕೇಕು.”

“ಬರ್ತೀನಿ!”

ಬಾಗಿಲು ತೆರೆಯಿತು. ಉರೋಷನ ತಾತ, ಮೀಸೆಯೇ ಮುಖವಾಗಿದ್ದ ಮಿಲುಟಿನ್ ತಾತ, ಎದ್ದು ನಿಂತರು. ಒಳಗಿಂದ ಬಿಸಿ ರೊಟ್ಟಿಯ ವಾಸನೆ ಬಂತು. ನೆಲದ ತುಂಬ ಹಬ್ಬದ ಒಣಹುಲ್ಲು ಹರಡಿತ್ತು.

ದುನ್ಯಾ ಹೊಸ್ತಿಲ ಹತ್ತಿರ ಬಂದು ನಿಂತುಬಿಟ್ಟಳು. ಕಾಲು ಮುಂದೆ ಹೋಗಲಿಲ್ಲ.

“ಬಾರಮ್ಮ ಒಳಗೆ. ಬಿಸಿಯೆಲ್ಲ ಹೊರಗೆ ಹೋಗ್ತಿದೆ, ಸೌದೆ ಏನು ಪುಕ್ಕಟೆ ಬರುತ್ತಾ?” ಅಂದರು ತಾತ.

“ನಾನು ಬರಬಾರ್ದು ತಾತ,” ಅಂದಳು ದುನ್ಯಾ. ತನ್ನ ಬೂಟುಗಳನ್ನೇ ನೋಡುತ್ತಿದ್ದಳು. “ನನ್ನ ಕಾಲ್ಗುಣ ಸರಿಯಿಲ್ಲ.”

“ಏನಂದೆ?”

“ಚಿಕ್ಕವಳಿದ್ದಾಗ ಒಂದ್ಸಲ ನಾನೇ ಮೊದಲು ಮನೆ ಒಳಗೆ ಬಂದ್ಬಿಟ್ಟೆ. ಆ ವರ್ಷ ಅಪ್ಪನ ಫ್ಯಾಕ್ಟರಿ ಮುಚ್ಚೋಯ್ತು.”

ತಾತ ಮೀಸೆ ತಿರುವಿದರು. ಉರೋಷ್ ಅವರ ಕಂಕುಳ ಕೆಳಗಿಂದ ತಲೆ ತೂರಿಸಿದ. ಆಗಲೇ ಟೋಪಿ ಹಾಕಿಕೊಂಡಿದ್ದ, ಕೈಯಲ್ಲಿ ಸ್ಲೆಡ್ಡಿನ ಹಗ್ಗ.

“ಫ್ಯಾಕ್ಟರೀಲಿ ನಿಮ್ಮಪ್ಪ ಒಬ್ರೇ ಇದ್ರಾ?”

“ಇಲ್ಲ. ನಾನೂರೋ ಐನೂರೋ ಜನ. ನಮ್ಮ ಬೀದಿಯವರೆಲ್ಲ ಅಲ್ಲೇ.”

“ಎಲ್ಲರ ಕೆಲಸಾನೂ ಹೋಯ್ತಾ?”

“ಹೂಂ.”

“ಹಾಗಿದ್ರೆ ಅಷ್ಟೂ ಮನೆಗೆ ನೀನೇ ಮೊದಲು ನುಗ್ಗಿದ್ಯಾ? ಒಂದೇ ಬೆಳಿಗ್ಗೇಲಿ? ಈ ಬಾತುಕೋಳಿ ನಡಿಗೇಲಿ?”

ದುನ್ಯಾಳಿಗೆ ಹಳೇ ಊರಿನ ಪಕ್ಕದ ಮನೆ ನೆನಪಾಯಿತು. ಆ ವರ್ಷ ಅವರ ಮನೆಗೆ ಮೊದಲು ಬಂದವರು ಚರ್ಚಿನ ಪಾದ್ರಿ. ಇಡೀ ಊರಿನಲ್ಲಿ ಅವರಿಗಿಂತ ಒಳ್ಳೆಯ ಕಾಲು ಯಾರದು? ಆ ಮನೆಯವರ ಕೆಲಸವೂ ಹೋಗಿತ್ತು. ಎದುರು ಮನೆಯವರದ್ದೂ. ಮೂಲೆ ಮನೆಯ ಅವಳಿ ಅಣ್ಣತಮ್ಮಂದಿರದ್ದೂ. ಐದು ವರ್ಷ ಅವಳು ತನ್ನ ಕಾಲಿನ ಬಗ್ಗೆ ಮಾತ್ರ ಯೋಚಿಸಿದ್ದಳು. ಆ ಮನೆಗಳು ಅವಳಿಗೆ ಒಮ್ಮೆಯೂ ನೆನಪಾಗಿರಲಿಲ್ಲ.

“ಲೇ, ಬೇಗ ಯೋಚ್ನೆ ಮಾಡೇ,” ಅಂದ ಉರೋಷ್. “ಹಿಮ ಕರಗಿಹೋಗುತ್ತೆ.”

ದುನ್ಯಾ ಬಲಗಾಲು ಒಳಗಿಟ್ಟಳು.

“ಕ್ರಿಸ್ತ ಹುಟ್ಟಿದ!” ಅಂದಳು. ದನಿ ಸ್ವಲ್ಪ ಕೀರಲಾಯಿತು.

“ನಿಜವಾಗಿ ಹುಟ್ಟಿದ!” ಇಡೀ ಮನೆ ಒಟ್ಟಿಗೆ ಕೂಗಿತು.

ಉರೋಷನ ಅಮ್ಮ ಅವಳ ಕೈಗೆ ಒಂದು ಓಕ್ ಕೊಂಬೆ ಕೊಟ್ಟಳು. ಮೊದಲ ಅತಿಥಿ ಮಾಡುವ ಹಾಗೆ ದುನ್ಯಾ ಒಲೆಯ ಬಾಗಿಲು ತೆಗೆದು ಬೆಂಕಿ ಕೆದಕಿದಳು. ಕಿಡಿಗಳು ಚಟಪಟ ಹಾರಿದವು. “ಎಷ್ಟು ಕಿಡಿಯೋ ಅಷ್ಟು ಆರೋಗ್ಯ, ಅಷ್ಟು ಕುರಿ, ಅಷ್ಟು ಸಂತೋಷ…” ಮುಂದಿನದು ಮರೆತುಹೋಯಿತು. “ಅಷ್ಟು ಹಿಮ!” ಅಂದುಬಿಟ್ಟಳು.

“ಅಯ್ಯೋ ಬೇಡಮ್ಮ, ಇದೇ ಸಾಕು!” ತಾತ ತಲೆ ಹಿಡಿದುಕೊಂಡರು. ಎಲ್ಲರೂ ನಕ್ಕರು.

ಅವಳನ್ನು ಮೂರು ಕಾಲಿನ ಮಣೆಯ ಮೇಲೆ ಕೂರಿಸಿ, ವರ್ಷವಿಡೀ ಹಾಲಿನ ಕೆನೆ ದಪ್ಪಗೆ ಕಟ್ಟಲಿ ಅಂತ ದಪ್ಪ ಕಂಬಳಿ ಹೊದಿಸಿದರು. ಆಮೇಲೆ ಉರೋಷ್ ಹಿಂದಿನಿಂದ ಮಣೆ ಎಳೆದ. ದುನ್ಯಾ ಕಂಬಳಿಯ ಸಮೇತ ದೊಪ್ಪನೆ ಹುಲ್ಲಿನ ಮೇಲೆ ಬಿದ್ದಳು. ಅದೂ ಪದ್ಧತಿಯೇ. ಅದೃಷ್ಟ ಈ ಮನೆಯಲ್ಲೇ ಬೀಳಲಿ ಅಂತ. ಆದರೆ ಉರೋಷ್ ಬೇಕಾದ್ದಕ್ಕಿಂತ ಜೋರಾಗಿಯೇ ಎಳೆದಿದ್ದ.

ಮನೆಯವರು ಅವಳಿಗೆ ಉಣ್ಣೆಯ ಕಾಲುಚೀಲ ಕೊಟ್ಟರು, ಕೋಟಿನ ಜೇಬಿಗೆ ವಾಲ್‌ನಟ್ ತುಂಬಿದರು. ಅಷ್ಟರಲ್ಲಿ ಉರೋಷ್ ಬೀದಿಯಲ್ಲಿದ್ದ.

ಇಬ್ಬರೂ ಒಂದೇ ಸ್ಲೆಡ್ಡಿನಲ್ಲಿ ಇಳಿಜಾರು ಇಳಿದರು. ಬ್ರೇಕ್ ಹಾಕುವುದು ಹೇಗೆ ಅಂತ ಉರೋಷನಿಗೂ ಸರಿಯಾಗಿ ಗೊತ್ತಿರಲಿಲ್ಲ. ದುನ್ಯಾಳ ಮನೆಯ ಬಾಗಿಲಿಗೇ ಹೋಗಿ ಢಿಕ್ಕಿ ಹೊಡೆದರು.

“ಯಾರದು ಬಾಗಿಲು ಮುರಿಯೋರು?” ಅಜ್ಜಿ ಲಟ್ಟಣಿಗೆ ಹಿಡಿದುಕೊಂಡೇ ಬಂದಳು.

“ಅತಿಥಿ, ಅಜ್ಜಿ!” ಅಂದಳು ದುನ್ಯಾ, ಹಿಮದೊಳಗಿಂದ. “ಮೇಲಿನ ಮನೆ ಉರೋಷ್!”

ಅಜ್ಜಿಯ ಮುಖ ಬದಲಾದದ್ದನ್ನು ದುನ್ಯಾ ನೋಡಿದಳು. ಅವಳು ತಟಕ್ಕನೆ ಲಟ್ಟಣಿಗೆಯನ್ನು ಬೆನ್ನ ಹಿಂದೆ ಅಡಗಿಸಿ, ತಲೆವಸ್ತ್ರ ಸರಿಮಾಡಿಕೊಂಡಳು. “ಬಾಪ್ಪ, ಬಾ ಬಾ ಒಳಗೆ! ಈ ಊರಿನವನು! ನೋಡೇ, ಈ ಊರಿನವನು ಬಂದ!” ಅಂತ ಅಮ್ಮನನ್ನು ಕೂಗಿದಳು. ಎರಡು ತಿಂಗಳಲ್ಲಿ ಅವರ ಮನೆಗೆ ಈ ಊರಿನವರು ಯಾರೂ ಬಂದೇ ಇರಲಿಲ್ಲ.

ಉರೋಷ್ ಬೆಂಕಿ ಕೆದಕಿದ. ಮಣೆ ಎಳೆದವಳು ದುನ್ಯಾ, ಸಾಲ ತೀರುವಷ್ಟು ಜೋರಾಗಿ. ಆಮೇಲೆ ಎಲ್ಲರೂ ಮೇಜಿಗೆ ಕೂತರು.

ಬಾಯಿ ತುಂಬ ರೋಸ್ಟ್ ಇಟ್ಟುಕೊಂಡೇ ಉರೋಷ್ ಕೇಳಿದ: “ಅಜ್ಜಿ, ಇವಳು ಒಳಗೆ ಬಂದದ್ದಕ್ಕೇ ಫ್ಯಾಕ್ಟರಿ ಮುಚ್ಚಿದ್ದಂತೆ. ಹೌದಾ?”

ಅಮ್ಮ ಚಾಕು ಕೆಳಗಿಟ್ಟಳು.

“ಯಾರು ಹೇಳಿದ್ದು?” ಅಂದಳು ಅಜ್ಜಿ.

“ನೀನೇ,” ಅಂದಳು ದುನ್ಯಾ. “ಫೋನಲ್ಲಿ. ಸೋದರತ್ತೆ ಹತ್ರ. ನಾನು ಮೇಜಿನ ಕೆಳಗಿದ್ದೆ.”

ಅಜ್ಜಿ ರೋಸ್ಟಿನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ಆಗ ಯಾರನ್ನಾದ್ರೂ ಬೈಬೇಕಿತ್ತು,” ಅಂದಳು. “ಫ್ಯಾಕ್ಟರಿಯವರು ನನ್ನ ಕೈಗೆ ಸಿಗ್ಲಿಲ್ಲ. ನೀನು ಸಿಕ್ಕೆ.”

ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ಅಜ್ಜಿ ಅಂಥವಳಲ್ಲ. ರೋಸ್ಟಿನ ಗರಿಗರಿ ಚರ್ಮದ ದೊಡ್ಡ ತುಂಡನ್ನು ದುನ್ಯಾಳ ತಟ್ಟೆಗೆ ಹಾಕಿದಳು.

“ಅದು ನಂದು!” ರೆಲ್ಯಾ ಬಾಯಿ ಬಡಿದುಕೊಂಡ.

ಹೊರಗಿಂದ ಯಾರೋ ಕೂಗುತ್ತಿರುವುದು ಕೇಳಿಸಿತು. ಅಜ್ಜಿ ಬಾಗಿಲು ತೆಗೆದಳು. ಆಚೆ ಕಿಟಕಿಯಲ್ಲಿ ಯೆಲಿಸಾವೆತಾ ಟೀಚರ್ ಕೈ ಬೀಸುತ್ತಿದ್ದರು. “ಆ ಹುಡುಗೀನ ನಮ್ಮನೆಗೂ ಸ್ವಲ್ಪ ಕಳಿಸ್ರೀ! ಬೆಳಿಗ್ಗೆಯಿಂದ ಕಾಯ್ತಿದ್ದೀನಿ, ಹೊಟ್ಟೆ ಹಸೀತಿದೆ!”

“ಒಬ್ಬರು ಒಂದೇ ಮನೆಗೆ ಅಲ್ವಾ ಹೋಗೋದು?” ಅಂದಳು ಅಮ್ಮ.

“ಇಂಥ ಹಿಮದಲ್ಲಿ ಎಂಥ ಪದ್ಧತಿ!” ಅಂದಳು ಅಜ್ಜಿ. ಆಮೇಲೆ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು: “ಕಳಿಸ್ತೀನಿ ಟೀಚರ್! ನಮ್ಮ ದುನ್ಯಾ! ಬಹಳ ಒಳ್ಳೆ ಕಾಲ್ಗುಣ!”

ದುನ್ಯಾ ಅಮ್ಮನ ಮುಖ ನೋಡಿದಳು. ಅಮ್ಮ ನಗು ತಡೆಯಲು ಕೆನ್ನೆ ಕಚ್ಚಿಕೊಂಡಿದ್ದಳು. ಅಜ್ಜಿ ಕಾಲ್ಗುಣ ನಂಬುವುದನ್ನು ಬಿಡುವವಳಲ್ಲ. ಬೇಕಾದರೆ ನಂಬಲಿ, ಅಂದುಕೊಂಡಳು ದುನ್ಯಾ.

ಅವಳು ಬೀದಿಗೆ ಇಳಿದಾಗ ಹಿಂದಿನಿಂದ ಒಂದು ಹಿಮದ ಉಂಡೆ ಬಂದು ಟೋಪಿಗೆ ಬಡಿಯಿತು. “ಬಾತುಕೋಳಿ! ಬೇಗ ಮುಗಿಸ್ಕೊಂಡು ಬಾ!” ದುನ್ಯಾ ತಿರುಗಿ ಎರಡು ಉಂಡೆ ಎಸೆದಳು. ಒಂದು ಉರೋಷನಿಗೆ, ಇನ್ನೊಂದು ಗುರಿ ತಪ್ಪಿ ಅಜ್ಜಿಗೆ. ಅಜ್ಜಿಯ ಬೈಗುಳ ಶುರುವಾಗುವ ಮೊದಲೇ ಓಟ ಕಿತ್ತಳು.

ಟೀಚರ್ ಬಾಗಿಲು ತೆಗೆದು ನಿಂತಿದ್ದರು. ದುನ್ಯಾ ಓಡಿಬಂದ ಭರಕ್ಕೆ ನೇರವಾಗಿ ಒಳಗೆ ನುಗ್ಗಿದಳು. ಯಾವ ಕಾಲು ಮೊದಲು ಬಿತ್ತು ಅಂತ ಅವಳು ನೋಡಲೇ ಇಲ್ಲ.