ಹದಿನೇಳನೇ ಪ್ರಶ್ನೆ

ಸೋಮವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿದವರು ಇಬ್ಬರು. ಒಬ್ಬಾಕೆ ದರ್ಜಿ, ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಇನ್ನೊಬ್ಬ ಆ್ಯಪ್ ಕಾರು ಕಂಪನಿಯ ಮ್ಯಾನೇಜರ್; ಅವನ ಕೊರಳಲ್ಲಿ ಗುರುತಿನ ಚೀಟಿ. ಬಂದದ್ದು ಬೇರೆ ಬೇರೆಯಾಗಿ, ದೂರು ಮಾತ್ರ ಒಂದೇ ಎಂದು ತಿಳಿಯಲು ಹತ್ತು ನಿಮಿಷ ಸಾಕಾಯಿತು.

ಇನ್ಸ್‌ಪೆಕ್ಟರ್ ಮೇಡಂ ಮೊದಲು ದರ್ಜಿಯನ್ನು ಕೂರಿಸಿದರು.

"ಯಾವಾಗ ಆಗಿದ್ದು?"

"ನಿನ್ನೆ ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಮೇಡಂ. ಅಮ್ಮ ಹಲ್ಲುಜ್ಜುತ್ತಾ ಇದ್ದವರು ಹಾಗೇ ಗೋಡೆಗೆ ಒರಗಿಬಿಟ್ರು. ಬಾಯಿ ಒಂದು ಕಡೆ ಎಳೀತಿತ್ತು."

"ಆಂಬುಲೆನ್ಸ್?"

"ಮುಕ್ಕಾಲು ಗಂಟೆ ಅಂದ್ರು. ಆ್ಯಪಿನಲ್ಲಿ ಮೂರು ಸಲ ಒತ್ತಿದೆ. ಮೂರು ಸಲಾನೂ ಹತ್ತಿರದಲ್ಲಿ ಕಾರಿಲ್ಲ ಅಂತ ಬಂತು."

"ಟ್ಯಾಕ್ಸಿ ಸ್ಟ್ಯಾಂಡಿಗೆ ಫೋನ್ ಮಾಡ್ಲಿಲ್ವಾ?"

"ಆ ನಂಬರ್ ಈಗ ಯಾರ ಹತ್ರ ಇದೆ ಮೇಡಂ? ಬೀದಿ ಮೂಲೇಲಿದ್ದ ಅವರ ಬೋರ್ಡು ಹೋಗಿ ವರ್ಷ ಆಯ್ತು."

ಕಾರು ಸಿಕ್ಕಿದ್ದು ಏಳು ಐವತ್ತೆರಡಕ್ಕೆ. ಅರ್ಧ ಗಂಟೆ ಮುಂಚೆ ಬಂದಿದ್ದರೆ ಮಾತು ಉಳಿಯುತ್ತಿತ್ತೇನೋ ಎಂದು ಡಾಕ್ಟರು ಹೇಳಿದ್ದರು. ದರ್ಜಿಯ ತಾಯಿ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆಲ್ಲ ಸಂಪರ್ಕ ಕೊಟ್ಟವರು. "ಮಾತೇ ಅವರ ಕೆಲಸ ಆಗಿತ್ತು. ಈಗ ನನ್ನ ಹೆಸರು ಕರೆಯೋಕೂ ಬರ್ತಿಲ್ಲ," ಎಂದ ಆಕೆ ಅಳಲಿಲ್ಲ. ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಳು.

ಮ್ಯಾನೇಜರ್ ಮೇಜಿನ ಮೇಲೆ ಪಟ್ಟಿಯೊಂದನ್ನು ಹರಡಿದ. ಮೂರು ವಾರದಲ್ಲಿ ನಲವತ್ತೊಂದು ಸುಳ್ಳು ಬುಕ್ಕಿಂಗ್. ಎಲ್ಲವೂ ರೈಲ್ವೆ ಸ್ಟೇಷನ್ ಹಾಲಿನಲ್ಲಿ ಕಂಪನಿಯವರು ಇಟ್ಟ ಯಂತ್ರದಿಂದ ಮಾಡಿದವು. ಕಾರು ಹೇಳಿದ ಜಾಗಕ್ಕೆ ಹೋದರೆ ಹತ್ತುವವರೇ ಇರುತ್ತಿರಲಿಲ್ಲ.

"ನಿನ್ನೆ ಏಳೂವರೆ ಹೊತ್ತಿಗೆ ನಾಲ್ಕು ಕಾರು ಹೀಗೆ ಹೋಗಿವೆ ಮೇಡಂ. ಭಾನುವಾರ ಅಷ್ಟು ಹೊತ್ತಿಗೆ ಊರಿನ ಆ ಭಾಗದಲ್ಲಿ ನಮ್ಮವು ಇದ್ದಿದ್ದೇ ನಾಲ್ಕು. ಯಂತ್ರದಿಂದ ಇಪ್ಪತ್ತು ಹೆಜ್ಜೆಗೆ ಟ್ಯಾಕ್ಸಿ ಸ್ಟ್ಯಾಂಡ್ ಇದೆ. ಇನ್ಯಾರು ಮಾಡ್ತಾರೆ? ಗುರುವಾರ ಹನ್ನೊಂದಕ್ಕೆ ಸಾರಿಗೆ ಕಚೇರೀಲಿ ಆ ಸ್ಟ್ಯಾಂಡಿನ ಪರವಾನಗಿ ವಿಚಾರಣೆ ಇದೆ. ನಿಮ್ಮ FIR ತೋರಿಸಿದ್ರೆ ಅಲ್ಲಿಗೆ ಅವರ ಕತೆ ಮುಗೀತು."

ರೈಟರ್ FIR ಬರೆದ. ಸಂಖ್ಯೆ 118, ಸಮಯ ಒಂಬತ್ತು ಐವತ್ತು. ಆರೋಪಿಯ ಕಾಲಂನಲ್ಲಿ 'ಅಪರಿಚಿತ' ಎಂದು ಬಿದ್ದಾಗ ಮ್ಯಾನೇಜರ್ ಮುಖ ಸಣ್ಣದಾಯಿತು.

"ಸ್ಟ್ಯಾಂಡಿನವರು ಅಂತ ಬರೀಬಹುದಿತ್ತಲ್ಲ?"

"ಅನುಮಾನ ನಿಮ್ದು ಸ್ವಾಮಿ, ಹಾಳೆ ನಮ್ದು," ಎಂದರು ಮೇಡಂ.

ಇದನ್ನು ಹೇಳಲೇಬೇಕು: ಈ ಮೇಡಂ ಠಾಣೆಗೆ ಬಂದು ಆರು ವರ್ಷ. ಆರು ವರ್ಷದಲ್ಲಿ ಒಂದು FIRನ ಒಂದು ಸಾಲನ್ನೂ ಹೊಡೆದುಹಾಕಿ ತಿದ್ದಿ ಬರೆಯುವ ಪ್ರಸಂಗ ಬಂದಿಲ್ಲ. ಅಕ್ಕಪಕ್ಕದ ಠಾಣೆಗಳವರು ಹೊಟ್ಟೆ ಉರಿದುಕೊಂಡರೆ ಉರಿದುಕೊಳ್ಳಲಿ.

ಹನ್ನೊಂದಕ್ಕೆ ರೈಲ್ವೆ ಸ್ಟೇಷನ್ ಹಾಲಿನಲ್ಲಿ ಪಂಚನಾಮೆ. ಹೆಡ್ ಕಾನ್‌ಸ್ಟೇಬಲ್ ಜೊತೆಗಿದ್ದ. ಅವನನ್ನು ಎಲ್ಲರೂ ನಿಧಾನಪ್ಪ ಎನ್ನುತ್ತಾರೆ. ನಡೆಯುವುದು, ಉಣ್ಣುವುದು, ಬರೆಯುವುದು ಎಲ್ಲವೂ ನಿಧಾನ. ಆದರೆ ಅವನ ಕಣ್ಣು ತಪ್ಪಿಸಿಕೊಂಡು ಹೋದದ್ದು ಏನೂ ಇಲ್ಲ. ಯಂತ್ರ ಆಳೆತ್ತರ ಇತ್ತು. ಕಾರು ಬರಬೇಕಾದ ಜಾಗ, ಸಮಯ, ಕರೆಯುವವರ ಹೆಸರು ಒತ್ತಿದರೆ ಸಾಕು, ಫೋನೂ ಬೇಡ. ಖರ್ಚು ಉಳಿಸಲು ಕಂಪನಿಯವರು ಕ್ಯಾಮೆರಾ ಹಾಕಿರಲಿಲ್ಲ.

ನಿಧಾನಪ್ಪ ಪಟ್ಟಿಯ ಮೇಲೆ ಬೆರಳಿಟ್ಟು ಹೆಸರಿನ ಕಾಲಂ ಓದಿದ. ಅಭ್ಯರ್ಥಿ 1, ಅಭ್ಯರ್ಥಿ 2, ಅಭ್ಯರ್ಥಿ 3.

"ಚುನಾವಣೆಗೆ ನಿಂತು ಸೋತವನಿರಬೇಕು ಮೇಡಂ."

"ಪೂರ್ತಿ ಓದ್ರೀ."

ಓದಿದ. ಪಟ್ಟಿ 42ರಲ್ಲಿ ಮುಗಿಯಿತು. "ಬುಕ್ಕಿಂಗ್ ನಲವತ್ತೊಂದೇ ಅಲ್ವಾ? ಹದಿನಾರು ಆದ್ಮೇಲೆ ಹದಿನೆಂಟಕ್ಕೆ ಹಾರಿದ್ದಾನೆ. ಹದಿನೇಳು ಇಲ್ಲ."

ಮೇಡಂ ಅದನ್ನು ಪಂಚನಾಮೆಯಲ್ಲಿ ಸೇರಿಸಿ ಹೊರಗೆ ಬಂದರು.

ಟ್ಯಾಕ್ಸಿ ಸ್ಟ್ಯಾಂಡ್ ಬಾಗಿಲಿನ ಎದುರಿಗೇ ಇತ್ತು. ಅರವತ್ತನಾಲ್ಕು ಟ್ಯಾಕ್ಸಿ, ಅರವತ್ತನಾಲ್ಕು ಚಾಲಕರು, ಒಬ್ಬೊಬ್ಬರ ಅಂಗಿಯ ಮೇಲೂ ಉಜ್ಜಿ ಹೊಳಪೇರಿಸಿದ ಹಿತ್ತಾಳೆಯ ಬ್ಯಾಡ್ಜು. ಸಾಲಿನ ಮುಂದಿನ ಟ್ಯಾಕ್ಸಿಯ ಗಾಜು ಒರೆಸುತ್ತಿದ್ದವನು ಸ್ಟ್ಯಾಂಡಿನ ಲೀಡರ್. ವಿಷಯ ಕೇಳುತ್ತಲೇ ಅವನ ಮೀಸೆ ಕುಣಿಯಿತು.

"ಸುಳ್ಳು ಬಾಡಿಗೆ ಕರೆಯೋದಾ? ನಾವಾ? ಮೇಡಂ, ಬಾಡಿಗೆ ಅಂದ್ರೆ ನಮಗೆ ದೇವರು. ಅದರ ಹತ್ರ ಹುಡುಗಾಟ ಆಡ್ತೀವಾ?"

"ಆಯ್ತು. ಪಟ್ಟೀಲಿರೋ ಈ ಜಾಗಗಳು ಗೊತ್ತಾ ಹೇಳಿ. ಐಸ್ ಫ್ಯಾಕ್ಟರಿ ಹಿಂಬಾಗಿಲು."

ಲೀಡರ್ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಯಾರೋ ಪಟಪಟನೆ ಒಪ್ಪಿಸಿದ: "ಲಾಂಡ್ರಿ ಓಣಿ, ಎರಡನೇ ಎಡ, ನೀರಿನ ಟ್ಯಾಂಕು ಬಲಕ್ಕೆ ಬಿಟ್ಟು ನೇರ, ಆರು ನಿಮಿಷ!"

"ಹಳೇ ಮುದ್ರಣಾಲಯದ ಗೇಟು."

ಈಗ ಹತ್ತು ದನಿ: "ಮರದ ಡಿಪೋ, ಸೇತುವೆ ಕೆಳಗೆ, ಮೊದಲನೇ ಬಲ, ಒಂಬತ್ತು ನಿಮಿಷ!"

ಮೂರನೆಯದಕ್ಕೆ ಇಡೀ ಸ್ಟ್ಯಾಂಡ್ ಮಗ್ಗಿ ಹೇಳುವ ತರಗತಿಯ ಹಾಗೆ ಕೂಗಿತು. ನಾಲ್ಕನೆಯದನ್ನು ಮೇಡಂ ಓದಲೇ ಇಲ್ಲ. ಚಾಲಕರೇ ಜಾಗ ಹೇಳಿ ದಾರಿಯನ್ನೂ ಹೇಳಿದರು. ಎದೆಯುಬ್ಬಿಸಿ ನಿಂತವರಿಗೆ ತಮ್ಮ ಕುತ್ತಿಗೆಗೆ ತಾವೇ ಹಗ್ಗ ಹಾಕಿಕೊಂಡದ್ದು ತಿಳಿಯಲು ಒಂದು ಗಳಿಗೆ ಬೇಕಾಯಿತು.

"ಏನಿದು?" ಎಂದರು ಮೇಡಂ.

ಲೀಡರ್ ಗಂಟಲು ಸರಿಮಾಡಿಕೊಂಡ. "ನಮ್ಮ ಬ್ಯಾಡ್ಜ್ ಪರೀಕ್ಷೆ. ನಲವತ್ತೆರಡು ಪ್ರಶ್ನೆ. ನಕ್ಷೆ ನೋಡದೆ ಹತ್ತಿರದ ದಾರಿ ಹೇಳ್ಬೇಕು. ಹೋದ ವರ್ಷ ರದ್ದು ಮಾಡಿದ್ರು. ಫೋನೇ ದಾರಿ ಹೇಳುತ್ತೆ, ಪರೀಕ್ಷೆ ಯಾಕೆ ಅಂದ್ರು."

"ಹದಿನೇಳನೇದು ಯಾವುದು?"

"ದೊಡ್ಡಾಸ್ಪತ್ರೆ, ತುರ್ತು ಬಾಗಿಲು. ಅದೊಂದು ತಪ್ಪಿದ್ರೆ ಉಳಿದ ನಲವತ್ತೊಂದು ಸರಿ ಇದ್ರೂ ನಪಾಸು."

ಹಿಂದೆಯೇ ಬಂದಿದ್ದ ಮ್ಯಾನೇಜರ್ ಕುಣಿದಾಡುವುದೊಂದು ಬಾಕಿ. "ನೋಡಿದ್ರಾ? ತಾವಾಗೇ ಒಪ್ಕೊಂಡ್ರು! ಬರ್ಕೊಳ್ಳಿ ಮೇಡಂ!"

"ದಾರಿ ಗೊತ್ತಿರೋದು ಅಪರಾಧ ಅಲ್ಲ," ಎಂದು ಮೇಡಂ ಜೀಪು ಹತ್ತಿದರು.

ಮಂಗಳವಾರ ಇಡೀ ದಿನ, ಬುಧವಾರ ಅರ್ಧ ದಿನ ನಿಧಾನಪ್ಪ ಆ್ಯಪ್ ಕಾರಿನ ಚಾಲಕರನ್ನು ಒಬ್ಬೊಬ್ಬರಾಗಿ ಕರೆದು ಹೇಳಿಕೆ ಪಡೆದ. ಜಾಗದಲ್ಲಿ ಯಾರಿದ್ದರು? ಯಾರೂ ಇಲ್ಲ. ಏನು ನೋಡಿದಿರಿ? ಏನೂ ಇಲ್ಲ. ಕೆಲವರು ಬೆಂಚಿನ ಮೇಲೊಬ್ಬ ವಯಸ್ಸಾದವರು ಕೂತಿದ್ದರು ಎಂದರು. ಊರಿನಲ್ಲಿ ಬೆಂಚುಗಳಿಗೂ ವಯಸ್ಸಾದವರಿಗೂ ಬರವೇ? ಬೇರೆಯವನಾಗಿದ್ದರೆ ಇಪ್ಪತ್ತಕ್ಕೇ ಕೈಬಿಡುತ್ತಿದ್ದ. ನಿಧಾನಪ್ಪ ಮೂವತ್ತಾರು ಮುಗಿಸಿ ಮೂವತ್ತೇಳನೆಯವಳನ್ನು ಕರೆದ. ಆಕೆ ಕಾರು ಓಡಿಸಲು ಶುರುಮಾಡಿ ಎಂಟು ತಿಂಗಳಾಗಿತ್ತು.

"ಹೇಳಮ್ಮ, ಐಸ್ ಫ್ಯಾಕ್ಟರಿ ಹತ್ರ ಯಾರಿದ್ರು?"

"ಬಾಡಿಗೆಯವರು ಇರ್ಲಿಲ್ಲ ಸರ್. ಬೆಂಚಿನ ಮೇಲೆ ಒಬ್ರು ಹಿರಿಯರಿದ್ರು. ಯಾವ ದಾರೀಲಿ ಬಂದ್ರಿ ಅಂತ ಕೇಳಿದ್ರು."

"ಏನಂದೆ?"

"ಫೋನು ದೊಡ್ಡ ರಸ್ತೆ ತೋರಿಸ್ತು, ನಾನು ಲಾಂಡ್ರಿ ಓಣೀಲಿ ನುಗ್ಗಿಸ್ಕೊಂಡು ಬಂದೆ ಅಂದೆ. ನಮ್ಮ ಚಿಕ್ಕಮ್ಮನ ಮನೆ ಅಲ್ಲೇ. ಅದಕ್ಕವರು ಗಡಿಯಾರ ನೋಡಿ, ಪುಸ್ತಕದಲ್ಲಿ ಏನೋ ಬರೆದು, 'ಪಾಸ್' ಅಂದ್ರು."

"ಪಾಸ್?"

"ಹೂಂ. ತಲೆ ಕೆಟ್ಟಿದೆ ಅನ್ಕೊಂಡೆ. ಆದ್ರೆ ಸರ್, ಸುಳ್ಳು ಯಾಕೆ ಹೇಳ್ಲಿ, ಆವತ್ತೆಲ್ಲ ಖುಷಿಯಾಗಿತ್ತು."

ಮಧ್ಯಾಹ್ನ ಎರಡೂವರೆಗೆ ಮೇಡಂ ಮತ್ತೆ ಸ್ಟ್ಯಾಂಡಿನಲ್ಲಿದ್ದರು. ಲೀಡರ್ ಎದುರು ನಿಂತು ಒಂದೇ ಪ್ರಶ್ನೆ ಕೇಳಿದರು.

"ಈ ಊರಲ್ಲಿ ದಾರಿ ಕೇಳಿ 'ಪಾಸ್' ಅನ್ನೋರು ಯಾರು?"

ಅರವತ್ತನಾಲ್ಕು ಜನರೂ ತಮ್ಮ ತಮ್ಮ ಟ್ಯಾಕ್ಸಿಯ ಗಾಜು ಒರೆಸಲು ತಿರುಗಿದರು.

"ನಾಳೆ ವಿಚಾರಣೆ. ಹೇಳದಿದ್ರೆ ನಿಮ್ಮ ಸ್ಟ್ಯಾಂಡೇ ಹೋಗುತ್ತೆ. ಮನೇಲಿ ಹೆಂಡ್ತಿ ಮಕ್ಕಳಿಲ್ವಾ?"

"ಇದ್ದಾರೆ ಮೇಡಂ," ಎಂದ ಲೀಡರ್. "ಸ್ಟ್ಯಾಂಡ್ ಹೋದ್ರೆ ಹೋಗ್ಲಿ. ಆ ಹೆಸರು ನಮ್ಮ ಬಾಯಲ್ಲಿ ಬರಲ್ಲ."

ಮೇಡಂ ಅವನನ್ನು ಬೈಯಲಿಲ್ಲ. ಟ್ಯಾಕ್ಸಿಯೊಳಗೆ ಕೈ ಹಾಕಿ, ಕನ್ನಡಿಯ ಕೆಳಗೆ ಸಿಕ್ಕಿಸಿದ್ದ ಬ್ಯಾಡ್ಜಿನ ಕಾರ್ಡು ತೆಗೆದರು. ಕೆಳಗೆ ದುಂಡನೆಯ ಸಹಿ. ಅದರಡಿ 'ದಾರಿ ಪರೀಕ್ಷಕರು' ಎಂಬ ಮೊಹರು. ಪಕ್ಕದ ಟ್ಯಾಕ್ಸಿಯಲ್ಲೂ ಅದೇ ಸಹಿ, ಅದರಾಚೆಯದರಲ್ಲೂ ಅದೇ.

"ನೀವು ಹೇಳ್ಬೇಡಿ. ನನಗೆ ಓದೋಕೆ ಬರುತ್ತೆ," ಎಂದು ಕಾರ್ಡನ್ನು ಮತ್ತೆ ಇದ್ದಲ್ಲೇ ಸಿಕ್ಕಿಸಿದರು.

ನಾಲ್ಕು ಐದಕ್ಕೆ ಬಾಗಿಲು ತೆರೆದವರು ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹಿರಿಯರು. ಸ್ಟ್ಯಾಂಡಿನವರ ಪಾಲಿಗೆ ಅವರು ದಾರಿ ಮೇಷ್ಟ್ರು. ಪೊಲೀಸರನ್ನು ಕಂಡು ಹೆದರುವ ಬದಲು ಗೋಡೆ ಗಡಿಯಾರ ನೋಡಿದರು.

"ಠಾಣೆಯಿಂದ ಎಷ್ಟು ನಿಮಿಷ ಆಯ್ತು?"

"ಹದಿನಾಲ್ಕು," ಎಂದ ನಿಧಾನಪ್ಪ.

"ಒಂಬತ್ತಾಗ್ಬೇಕಿತ್ತು. ಬನ್ನಿ, ಕೂತ್ಕೊಳ್ಳಿ."

ಒಂದು ಗೋಡೆಯ ತುಂಬ ಕೈಯಲ್ಲೇ ಬರೆದ ಊರಿನ ನಕ್ಷೆ. ಮಡಿಕೆ ಹರಿದಲ್ಲೆಲ್ಲ ಹಿಂದಿನಿಂದ ಬಟ್ಟೆ ಅಂಟಿಸಿತ್ತು. ಮೇಜಿನ ಮೇಲೆ ಚೂಪಾಗಿ ಕೆತ್ತಿದ ಮೂರು ಪೆನ್ಸಿಲು, ಪಕ್ಕದಲ್ಲಿ ನೋಟ್‌ಪುಸ್ತಕ. ಒಳಬಾಗಿಲಲ್ಲಿ ನಿಂತ ಅವರ ಹೆಂಡತಿ, "ಬೇಡ ಬೇಡ ಅಂತ ಬಡ್ಕೊಂಡೆ. ನನ್ನ ಮಾತು ಯಾವತ್ತು ಕೇಳಿದ್ರು?" ಎಂದರು.

ಮೇಷ್ಟ್ರು ಏನನ್ನೂ ಮುಚ್ಚಿಡಲಿಲ್ಲ. ಪುಸ್ತಕವನ್ನು ತಾವೇ ಮೇಡಂ ಕೈಗಿತ್ತರು. ಪ್ರತಿ ಪುಟದಲ್ಲೂ ಕಾರಿನ ನಂಬರು, ಬರಬೇಕಾದ ಸಮಯ, ಬಂದ ಸಮಯ, ಫಲಿತಾಂಶ.

"ನಲವತ್ತೊಂದು ಅಭ್ಯರ್ಥಿಗಳು. ನಲವತ್ತು ನಪಾಸು, ಒಬ್ಬಳು ಪಾಸು. ಒಳ್ಳೇ ಹುಡುಗಿ, ಇನ್ನಷ್ಟು ಕಲೀತಾಳೆ. ನಾಳೆ ವಿಚಾರಣೇಲಿ ನಾನೇ ಎದ್ದು ನಿಂತು ಇದನ್ನ ಮೇಜಿನ ಮೇಲೆ ಇಡ್ತೀನಿ. ನನ್ನ ಹೆಸರಲ್ಲೇ. ಕದ್ದು ಮುಚ್ಚಿ ಅಲ್ಲ."

"ಭಾನುವಾರ ಒಟ್ಟಿಗೆ ನಾಲ್ಕು ಕಾರು ಕರೆದ್ರಲ್ಲ, ಯಾಕೆ?"

"ದಿನ ಕಮ್ಮಿ ಇತ್ತು. ಕೊನೇ ನಾಲ್ಕೂ ಒಂದೇ ಮೈದಾನದ ಸುತ್ತ. ಒಂದೇ ಬೆಂಚಲ್ಲಿ ಕೂತು ಮುಗಿಸಬಹುದಿತ್ತು."

"ಆ ಹೊತ್ತಿಗೆ ಆ ಭಾಗದಲ್ಲಿ ಇದ್ದಿದ್ದೇ ನಾಲ್ಕು ಸರ್," ಎಂದು ಮೇಡಂ ದರ್ಜಿಯ ಮನೆಯಲ್ಲಿ ನಡೆದದ್ದನ್ನು ಹೇಳಿದರು. ಸಮಯ ಸಮಯವಾಗಿ, ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ.

ಮೇಷ್ಟ್ರು ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು.

"ಹದಿನೇಳು ನಾನು ಕೊಡಲೇ ಇಲ್ಲ. ಆಸ್ಪತ್ರೆ ಬಾಡಿಗೇನ ಪರೀಕ್ಷೆಗೆ ಇಡಬಾರದು ಅಂತ ಬೇಕಂತಲೇ ಬಿಟ್ಟಿದ್ದೆ."

"ಗೊತ್ತು ಸರ್. ಆದ್ರೂ ಆ ತಾಯಿ ಮೂವತ್ತೆರಡು ನಿಮಿಷ ಕಾದ್ರು."

ಮೇಷ್ಟ್ರು ಪುಸ್ತಕಕ್ಕೆ ಕೈ ಚಾಚಿದರು. "ಒಂದು ಸಾಲು ಬರೆಯೋದಿದೆ. ನಿಮ್ಮೆದುರಿಗೇ ಬರೀತೀನಿ."

ಜಪ್ತಿಯಾಗಬೇಕಾದ ವಸ್ತುವಿನಲ್ಲಿ ಬರೆಯಲು ಬಿಡುವ ಹಾಗಿಲ್ಲ ಎಂದು ನಿಧಾನಪ್ಪ ಕೆಮ್ಮಿದ. ಮೇಡಂ ಜೊತೆಗೆ ಕರೆತಂದಿದ್ದ ಇಬ್ಬರು ಪಂಚರನ್ನು ಹತ್ತಿರ ಕರೆದು, ಪುಸ್ತಕ ತೆರೆದು ಕೊಟ್ಟರು. ಮೇಷ್ಟ್ರು ಪೆನ್ಸಿಲ್ ಮುಟ್ಟಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಬರೆದರು. ಅದೇ ಸಾಲು ಪಂಚನಾಮೆಯಲ್ಲಿ ಹೀಗೆ ದಾಖಲಾಗಿದೆ: 'ಸಂಜೆ 4.40ಕ್ಕೆ, ಪಂಚರ ಸಮಕ್ಷಮ, ಆರೋಪಿ ಸ್ವಹಸ್ತದಿಂದ ಬರೆದದ್ದು: ಪ್ರಶ್ನೆ 17, ದೊಡ್ಡಾಸ್ಪತ್ರೆ. ಅಭ್ಯರ್ಥಿ: ಪರೀಕ್ಷಕ. ತಡ: 32 ನಿಮಿಷ. ನಪಾಸು.' ಕೆಳಗೆ ಅದೇ ದುಂಡನೆಯ ಸಹಿ.

ಸುಳ್ಳು ಬುಕ್ಕಿಂಗ್ ಮತ್ತು ಜೀವಕ್ಕೆ ಅಪಾಯ ತಂದ ನಿರ್ಲಕ್ಷ್ಯದ ಆರೋಪದ ಮೇಲೆ 4.55ಕ್ಕೆ ಬಂಧಿಸಲಾಯಿತು. ಬೇಡಿ ಹಾಕಲಿಲ್ಲ. ಜೀಪು ಹೊರಟಾಗ ಡ್ರೈವರ್ ಕಾನ್‌ಸ್ಟೇಬಲ್ ಬಂದ ದಾರಿಗೇ ತಿರುಗಿಸಿದ.

"ಅದು ಸುತ್ತು," ಎಂದರು ಹಿಂದಿನ ಸೀಟಿನಿಂದ ಮೇಷ್ಟ್ರು. "ರೈಲ್ವೆ ಸ್ಟೇಷನ್ ಮುಂದಿನಿಂದ ಹೋಗಿ."

"ಅಲ್ಲಿ ಸ್ಟ್ಯಾಂಡಿದೆ ಸರ್," ಎಂದರು ಮೇಡಂ ಮೆಲ್ಲಗೆ. "ಎಲ್ಲರೂ ಇರ್ತಾರೆ."

"ಇರ್ಲಿ. ಹತ್ತಿರದ ದಾರಿ ಅದೇ."

ಎಲ್ಲರೂ ಇದ್ದರು. ಜೀಪು ಕಾಣುತ್ತಲೇ ಟ್ಯಾಕ್ಸಿಗಳ ಬಾಗಿಲುಗಳು ಒಂದೊಂದಾಗಿ ತೆರೆದವು. ಅರವತ್ತನಾಲ್ಕು ಜನ ಇಳಿದು ತಮ್ಮ ತಮ್ಮ ಟ್ಯಾಕ್ಸಿಯ ಪಕ್ಕ ನೆಟ್ಟಗೆ ನಿಂತರು. ಮೇಷ್ಟ್ರು ತಲೆ ತಗ್ಗಿಸದೆ ಒಬ್ಬೊಬ್ಬರನ್ನೂ ನೋಡುತ್ತಾ ಹೋದರು. ಜೀಪು ಒಂಬತ್ತು ನಿಮಿಷಕ್ಕೆ ಠಾಣೆ ಮುಟ್ಟಿತು.

ಗುರುವಾರದ ವಿಚಾರಣೆಯಲ್ಲಿ ಮೇಡಂ ಸಲ್ಲಿಸಿದ ವರದಿ ಎರಡೇ ಪುಟ. ಸ್ಟ್ಯಾಂಡಿನ ಯಾರ ಪಾತ್ರವೂ ಇಲ್ಲ ಎಂದಿತ್ತು; ಪರವಾನಗಿ ಉಳಿಯಿತು. ಲೀಡರ್ ಕಚೇರಿಯಿಂದ ನೇರ ದರ್ಜಿಯ ಮನೆಗೆ ಹೋಗಿ, ಅಮ್ಮನನ್ನು ಇನ್ನು ಆಸ್ಪತ್ರೆಗೆ ಕರೆದೊಯ್ಯುವುದು ಸ್ಟ್ಯಾಂಡಿನ ಸರದಿ ಎಂದ. ಆಕೆ ಬಾಗಿಲು ಪೂರ್ತಿ ತೆರೆಯದೆ, "ಸೋಮವಾರ ಏಳೂವರೆಗೆ. ತಡ ಆಗಬಾರದು," ಎಂದಳು. ಅವನು ಏಳು ಹತ್ತಕ್ಕೇ ಬಂದು ನಿಂತಿದ್ದ.

ಆರೋಪಪಟ್ಟಿಯ 'ಉದ್ದೇಶ' ಎಂಬ ಜಾಗದಲ್ಲಿ ರೈಟರ್ 'ದ್ವೇಷ' ಎಂದು ಬರೆಯಲು ಹೊರಟಿದ್ದ. ಮೇಡಂ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡು ತಾವೇ ಬರೆದರು: 'ಮೂವತ್ತೊಂದು ವರ್ಷ ಆರೋಪಿ ಈ ಊರಿನ ಚಾಲಕರಿಗೆ ದಾರಿ ಕಲಿಸಿದರು. ಪರೀಕ್ಷೆ ಬೇಡವೆಂದು ತೀರ್ಮಾನಿಸಿದ ದಿನ ಅವರನ್ನು ಒಂದು ಮಾತೂ ಕೇಳಲಿಲ್ಲ.'