ಅವನು ಹುಡುಕದ ನಂಬರು

ಲಿಫ್ಟಿನೊಳಗೆ ಅವಳು ನಿಂತಿರುವುದನ್ನು ಕಂಡ ಕೂಡಲೇ ಅವನು ಮೆಟ್ಟಿಲ ಕಡೆ ತಿರುಗಿದ.

ಇದೇ ಮನುಷ್ಯ ಹೋದ ವಾರದವರೆಗೆ ಒಂದು ಮಹಡಿ ಇಳಿಯಬೇಕಿದ್ದರೂ ಅವಳಿಗಾಗಿ ಕಾಯುತ್ತಿದ್ದ. “ಟ್ಯೂಬಿನ ಲೇಬಲ್ ಮತ್ತೆ ಸೊಟ್ಟಗೆ ಅಂಟಿಸಿದ್ದೀರಿ ಸಿಸ್ಟರ್” ಎಂದು ಕಾಲೆಳೆಯುತ್ತಿದ್ದ. “ನಿಮ್ಮ ಕಣ್ಣೇ ಸೊಟ್ಟ” ಎಂದು ಅವಳು ತಿರುಗಿಸಿ ಕೊಟ್ಟರೆ, ಕನ್ನಡಕ ತೆಗೆದು, ಒರೆಸಿ, ಅವಳ ಮುಖವನ್ನೇ ನಿಧಾನವಾಗಿ ನೋಡುತ್ತಿದ್ದ. “ಈಗ ಸರಿಯಾಗಿ ಕಾಣ್ತಿದೆ.”

ಅವಳು ಸಂಶೋಧನಾ ವಿಭಾಗದ ನರ್ಸು. ರೋಗಿಗಳ ಒಪ್ಪಿಗೆ ಪಡೆದು ರಕ್ತ ತೆಗೆಯುವವಳು. ಗೋಡೆಯಾಚೆ ಕೂತ ಅವನು, ಆ ರಕ್ತದಿಂದ ಓದಿದ ಜೀನೋಮನ್ನು, ಅಂದರೆ ವಂಶವಾಹಿಗಳ ಪೂರ್ತಿ ವಿವರವನ್ನು, ಅದೇ ರೋಗಿಯ ಹಳೆಯ ಆಸ್ಪತ್ರೆ ದಾಖಲೆಗಳ ಜೊತೆ ಜೋಡಿಸುವವನು. ಅವನಿಗೆ ಹೆಸರು ಕಾಣುತ್ತಿರಲಿಲ್ಲ, ಬರೀ ನಂಬರು.

“ಆ ಕಂಪ್ಯೂಟರ್ ಹುಡುಗ ಏನಂದ?” ಮನೆಯಲ್ಲಿ ಅವಳ ಚಿಕ್ಕಮ್ಮ, ಅಮ್ಮನ ತಂಗಿ, ಆಗಾಗ ಕೆಣಕುತ್ತಿದ್ದಳು.

“ಸಿಸ್ಟರ್ ಅಂದ.”

“ಹಾಗಾದ್ರೆ ಕೆಟ್ಟೆ ಬಿಡೇ!”

ನಗುವಾಗ ಚಿಕ್ಕಮ್ಮನ ಕೈಕಾಲು ಅವಳ ಮಾತು ಕೇಳದೆ ಕುಣಿಯುತ್ತಿದ್ದವು. ಅಮ್ಮನನ್ನು ತಿಂದದ್ದೂ ಅದೇ ನರರೋಗ. ಕೊನೆಗೆ ಮಗಳ ಗುರುತೂ ಹತ್ತದೆ ಅಮ್ಮ ಹೋಗಿದ್ದಳು. ರಕ್ತದಲ್ಲೇ ಇಳಿದು ಬರುವ ಕಾಯಿಲೆ. ಎಂದಾದರೂ ಔಷಧ ಸಿಕ್ಕೀತೆಂದು ಚಿಕ್ಕಮ್ಮನ ಜೊತೆ ಅವಳೂ ಸಂಶೋಧನೆಗೆ ರಕ್ತ ಕೊಟ್ಟಿದ್ದಳು. ಆದರೆ ಫಲಿತಾಂಶ ಮಾತ್ರ ತನಗೆ ಹೇಳಬೇಡಿ ಎಂದಿದ್ದಳು.

ಇಷ್ಟನ್ನೂ ಅವನಿಗೆ ಹೇಳಿಕೊಂಡದ್ದು ಹೋದ ವಾರ. ಮರುದಿನದಿಂದ ಅವನು ಮುಖ ತಪ್ಪಿಸುತ್ತಿದ್ದಾನೆ.

ಲಿಫ್ಟಿನ ಬಾಗಿಲು ಮುಚ್ಚುವಾಗ ಅವಳಿಗೆ ಹೊಳೆಯಿತು. ತನ್ನ ಫಲಿತಾಂಶವನ್ನು ಅವನು ನೋಡಿಬಿಟ್ಟಿದ್ದಾನೆ.

ಮಧ್ಯಾಹ್ನ ಅವನ ಕೋಣೆಗೆ ಹೋದಾಗ ಅವನು ಕಾಫಿ ಕಪ್ಪು, ಚಾರ್ಜರು, ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದ.

“ನನ್ನ ಹಣೆಬರಹ ಓದಿದ್ರಿ ಅಲ್ವಾ? ನನಗೂ ಇದೆ. ಅದಕ್ಕೇ ಓಡಿ ಹೋಗ್ತಿದ್ದೀರಿ.”

ಅವನು ಚೀಲ ಕೆಳಗಿಟ್ಟ. “ಇಲ್ಲ, ಓದಿಲ್ಲ. ಆದ್ರೆ ಓದೋಕೆ ಒಂದು ಗಳಿಗೆ ಸಾಕು. ಅಮ್ಮ ಯಾವಾಗ ಹೋದ್ರು, ಚಿಕ್ಕಮ್ಮ ಯಾವಾಗ ಅಡ್ಮಿಟ್ ಆದ್ರು, ಎಲ್ಲ ನೀವೇ ಹೇಳಿದ್ದೀರಿ. ಹುಡುಕಿದ್ರೆ ನಿಮ್ಮ ನಂಬರ್ ಸಿಕ್ಕಿಬಿಡುತ್ತೆ. ಈ ಕುರ್ಚಿಲಿ ಕೂತ್ರೆ ಕೈ ಅಲ್ಲಿಗೇ ಹೋಗುತ್ತೆ. ನೀವು ಬೇಡ ಅಂದಿದ್ದನ್ನ ನಾನು ಕದ್ದು ನೋಡ್ಲಾ? ಅದಕ್ಕೇ ಬೇರೆ ಕಡೆ ಹಾಕಿ ಅಂತ ಕೇಳ್ಕೊಂಡೆ. ಬಿಲ್ಲಿಂಗ್‌ಗೆ ಹಾಕಿದ್ದಾರೆ.”

ವರ್ಷಗಟ್ಟಲೆ ಕೂತು ತಾನೇ ಕಟ್ಟಿದ ಕೆಲಸವನ್ನು ಅವನು ಬಿಟ್ಟು ಹೊರಟಿದ್ದ.

“ಸರಿ. ನನ್ನನ್ನ ಕಂಡ್ರೆ ಯಾಕೆ ಓಡೋದು?”

ಅವನು ತಲೆ ತಗ್ಗಿಸಿದ. “ನಿಮ್ಮ ಕೈ ನೋಡೋಕೆ ಶುರು ಮಾಡಿದ್ದೆ. ನಡುಗ್ತಿದೆಯಾ ಅಂತ. ನನ್ನ ಮೇಲೆ ನನಗೇ ಹೇಸಿಗೆ ಆಯ್ತು.”

ಅವಳ ಕೈಗಳು ತಾವಾಗಿ ಬೆನ್ನ ಹಿಂದೆ ಸರಿದವು. ಸ್ವಲ್ಪ ಹೊತ್ತಿನ ಮೇಲೆ ಎರಡನ್ನೂ ಮುಂದೆ ತಂದು ಮೇಜಿನ ಮೇಲಿಟ್ಟಳು.

“ಕದ್ದು ಯಾಕೆ? ಎದುರಿಗೇ ನೋಡಿ.”

ಅವನು ನೋಡಲಿಲ್ಲ. ಹಿಡಿದುಕೊಂಡ.

ಆ ವಾರವೇ ಅವಳು ತನ್ನ ಮಾತು ಬದಲಿಸಿ, ಫಲಿತಾಂಶ ತಿಳಿಸಿ ಎಂದು ಡಾಕ್ಟರನ್ನು ಕೇಳಿದಳು. ಅವನು ಪಕ್ಕದಲ್ಲಿ ಕೂತಿದ್ದ. ಡಾಕ್ಟರಮ್ಮ ಸುತ್ತಿ ಬಳಸಿ ಹೇಳಲಿಲ್ಲ. ಅವಳ ರಕ್ತದಲ್ಲೂ ಆ ಕಾಯಿಲೆ ಇತ್ತು. ಯಾವಾಗ ತಲೆ ಎತ್ತುತ್ತದೆಂದು ಮಾತ್ರ ಯಾರೂ ಹೇಳಲಾರರು.

ಇಬ್ಬರೂ ಹೊರಗೆ ಬಂದು ಬೆಂಚಿನ ಮೇಲೆ ಕೂತರು.

“ಮದುವೆ ಆಗೋಣ” ಎಂದ ಅವನು.

“ಮುಂದೆ ಒಂದಿನ ನೀವ್ಯಾರೂಂತ್ಲೇ ಗೊತ್ತಾಗ್ದಿದ್ರೆ?”

“ಹೇಳ್ತೀನಿ.”

“ದಿನಾ?”

“ದಿನಾ. ನೀವು ತುಂಬ ರೇಗಿಸಿದ ದಿನ ಮಾತ್ರ ಪಕ್ಕದ ಮನೆಯವನು ಅಂತೀನಿ.”

ಅವಳಿಗೆ ನಗು ಬಂತು. ಅದು ಮುಗಿಯುವ ಮೊದಲೇ ಅಳು ನುಗ್ಗಿತು. ಅಳಬೇಡ ಎಂದು ಅವನು ಹೇಳಲಿಲ್ಲ.

ಸಂಜೆ ಚಿಕ್ಕಮ್ಮನಿಗೆ ತಿಳಿಸಲು ಇಬ್ಬರೂ ಹೊರಟರು. ಮದುವೆಯ ವಿಷಯ ಮೊದಲು ಹೇಳುವುದೋ, ಇನ್ನೊಂದನ್ನೋ, ಮನೆ ಬಾಗಿಲು ಬಂದರೂ ತೀರ್ಮಾನವಾಗಲಿಲ್ಲ.